ತಗಲಲಿಲ್ಲವೋ, ತಗಲಿಯೂ ಸಿಡಿಯಲಿಲ್ಲವೋ: ಸಬ್‌ಮರೀನ್ ಆಟದಲ್ಲಿ ಟಾರ್ಪಿಡೊ ದೋಷ ಹುಡುಕುವ ಬಗೆ

ಅಕ್ಕನ ಮಗ ಧಾರವಾಡದಿಂದ ಬಂದು ವಾಸ್ಕೋದಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದಾನೆ. ರಾತ್ರಿ ಊಟವಾದ ಮೇಲೆ ಅವನು ಸೈಲೆಂಟ್ ಹಂಟರ್ 3 ಹಾಕಿಕೊಂಡು ಕೂತರೆ ನಾನೂ ಪಕ್ಕದಲ್ಲಿ ಕುರ್ಚಿ ಎಳೆದುಕೊಳ್ಳುತ್ತೇನೆ. ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನನ್ನು ನಡೆಸುವ 2005ರ ಆಟ, ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಕಳೆದ ಮಳೆಗಾಲದ ಒಂದು ರಾತ್ರಿ ಅವನು ಒಂದೇ ಸರಕು ಹಡಗಿಗೆ ನಾಲ್ಕು ಟಾರ್ಪಿಡೊ ಬಿಟ್ಟು, ನಾಲ್ಕನ್ನೂ ಕಳೆದುಕೊಂಡ.

"ಮಾಮಾ, ನಾಕೂ ಹೋದ್ವು ನೋಡ್ರಿ. ಒಂದೂ ಸಿಡೀಲಿಲ್ಲ. ಟಾರ್ಪಿಡೊನ ಕೆಟ್ಟಾವು."

"ಕೆಟ್ಟಾವು ಅಂತ ಹೆಂಗ ಗೊತ್ತಾತು? ಹಡಗಿಗೆ ಬಡದದ್ದು ಕಂಡ್ಯೇನು?"

"ಬಡದಿರಬೇಕ್ರಿ. ಲೆಕ್ಕ ಎಲ್ಲಾ ಬರೋಬ್ಬರಿ ಇತ್ತಲ್ಲ."

ಆಮೇಲೆ ಅವನು ಮಾಡಿದ್ದು ಏನೆಂದರೆ, ಕೆಟ್ಟ ಟಾರ್ಪಿಡೊ ಬರುವ ಆಯ್ಕೆಯನ್ನು ಆಫ್ ಮಾಡಿದ, ಸಿಡಿಗುಂಡಿಯನ್ನು (ಟಾರ್ಪಿಡೊವನ್ನು ಸಿಡಿಸುವ ಭಾಗ; ಡಿಕ್ಕಿಯದು ಹಡಗಿಗೆ ಬಡಿದಾಗ ಸಿಡಿಸುತ್ತದೆ, ಅಯಸ್ಕಾಂತದ್ದು ಹಡಗಿನ ಕಬ್ಬಿಣದ ಹತ್ತಿರ ಹೋದಾಗ) ಡಿಕ್ಕಿಯಿಂದ ಅಯಸ್ಕಾಂತಕ್ಕೆ ಬದಲಿಸಿದ, ಆಳ ಬದಲಿಸಿದ, ಟಾರ್ಪಿಡೊದ ವೇಗವನ್ನೂ ಬದಲಿಸಿದ. ಎಲ್ಲಾ ಒಂದೇ ಸಲ. ಮುಂದಿನ ಹಡಗಿಗೆ ಒಂದು ತಗಲಿತು. ಅವನಿಗೆ ಸಂತೋಷವಾಯಿತು, ನನಗೆ ಆಗಲಿಲ್ಲ. ನಾನು ಮೋಟರು, ಪಂಪು ರಿಪೇರಿ ಮಾಡುವವನು. ಕೆಪ್ಯಾಸಿಟರ್, ಬೇರಿಂಗ್, ಸ್ವಿಚ್ಚು ಮೂರನ್ನೂ ಒಟ್ಟಿಗೆ ಬದಲಿಸಿದ ಮೋಟರು ತಿರುಗಿದರೂ ರೋಗ ಯಾವುದಿತ್ತೆಂದು ತಿಳಿಯುವುದಿಲ್ಲ, ತಿಂಗಳೊಳಗೆ ಅದೇ ಮೋಟರು ಬಾಗಿಲಿಗೆ ಬಂದು ನಿಲ್ಲುತ್ತದೆ. ಅವನದೂ ಹಾಗೇ ಆಯಿತು. ಎರಡು ದಿನ ಬಿಟ್ಟು ಮತ್ತೆ ಮೂರು ಟಾರ್ಪಿಡೊ ಹೋದವು.

ಅಲ್ಲಿಂದ ಮುಂದೆ ನಾವಿಬ್ಬರೂ ಒಂದು ವಹಿ ಇಟ್ಟುಕೊಂಡು ಸುಮಾರು ಮೂರು ವಾರ ಕೂತೆವು. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ. ಎರಡನೇ ಮಹಾಯುದ್ಧದ ಯಾವ ಸಬ್‌ಮರೀನ್ ಆಟಕ್ಕೂ ಇದರ ಬಹುಪಾಲು ಹೊಂದುತ್ತದೆ, ಏಕೆಂದರೆ ಆಟ ಬೇರೆಯಾದರೂ ನಮ್ಮ ಬೋಟು (ಸಬ್‌ಮರೀನು), ಹಡಗು, ಟಾರ್ಪಿಡೊ ಹಡಗನ್ನು ಕೂಡುವ ಜಾಗ, ಈ ಮೂರರ ತ್ರಿಕೋನ ಒಂದೇ.

ಮೊದಲು ಕೇಳಬೇಕಾದ್ದು: ಅದು ಹೋದದ್ದೆಲ್ಲಿಗೆ?

"ಸಿಡೀಲಿಲ್ಲ" ಎನ್ನುವುದು ರೋಗದ ಹೆಸರಲ್ಲ. ಟಾರ್ಪಿಡೊ ಹಡಗಿನ ಹಿಂದೆ ಅಥವಾ ಮುಂದೆ ಹಾದುಹೋಗಿರಬಹುದು. ತಳದ ಕೆಳಗೆ ನುಸುಳಿರಬಹುದು. ಬಡಿದೂ ಸುಮ್ಮನಾಗಿರಬಹುದು. ದಾರಿಯಲ್ಲೇ ಸಿಡಿದು ಮುಗಿದಿರಬಹುದು. ನಾಲ್ಕಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಇದನ್ನು ತೀರ್ಮಾನಿಸುವ ಮೊದಲು ಒಂದು ಡಯಲನ್ನೂ ಮುಟ್ಟಬೇಡಿ.

ತಿಳಿಯುವ ಸುಲಭ ದಾರಿ ಹೊರಗಿನ ಕ್ಯಾಮೆರಾ. ನಿಜತನದ ಸೆಟ್ಟಿಂಗಿನಲ್ಲಿ ಅದನ್ನು ಮುಚ್ಚಿಟ್ಟುಕೊಂಡು ಆಡುವವರು ಬಹಳ, ಅಳಿಯನೂ ಅದೇ ಜಾತಿ. ಆಡುವಾಗ ಮುಚ್ಚಿಕೊಳ್ಳಲಿ, ದೋಷ ಹುಡುಕುವಾಗ ತೆರೆಯಲೇಬೇಕು. ಮೋಟರಿನ ಮುಚ್ಚಳ ಬಿಚ್ಚದೆ ವೈಂಡಿಂಗ್ ಸುಟ್ಟಿದೆಯೆಂದು ಹೇಳಲು ನನಗಂತೂ ಬರುವುದಿಲ್ಲ. ಟಾರ್ಪಿಡೊದ ಜೊತೆಗೇ ಕ್ಯಾಮೆರಾ ಹೋಗಲಿ. ಹಡಗಿನಿಂದ ಎಷ್ಟು ದೂರದಲ್ಲಿ, ಯಾವ ಬದಿಯಲ್ಲಿ ಹಾದುಹೋಯಿತೆಂದು ಬರೆದುಕೊಳ್ಳಿ. "ಸ್ವಲ್ಪ ಹಿಂದೆ" ಎಂದು ಬರೆಯಬೇಡಿ. ಹಡಗಿನ ಉದ್ದವನ್ನೇ ಅಳತೆಗೋಲು ಮಾಡಿಕೊಂಡು "ಕಾಲು ಹಡಗಿನಷ್ಟು ಹಿಂದೆ" ಎಂದು ಬರೆದರೆ ಆಮೇಲೆ ಲೆಕ್ಕಕ್ಕೆ ಬರುತ್ತದೆ.

ಕ್ಯಾಮೆರಾ ಬೇಡವೇ ಬೇಡ ಎನ್ನುವವರಿಗೆ ಸ್ಟಾಪ್‌ವಾಚ್ ಇದೆ. ಒಂದು ನಾಟ್ ಎಂದರೆ ಸೆಕೆಂಡಿಗೆ 0.514 ಮೀಟರ್. ಜರ್ಮನರ ಹಬೆಯ ಟಾರ್ಪಿಡೊ ಜಿ7ಎ 44 ನಾಟ್ ವೇಗದಲ್ಲಿ ಸೆಕೆಂಡಿಗೆ ಸುಮಾರು 22.6 ಮೀಟರ್ ಹೋಗುತ್ತದೆ, ಅಂದರೆ ಸಾವಿರ ಮೀಟರಿಗೆ 44 ಸೆಕೆಂಡು. ಬ್ಯಾಟರಿಯ ಜಿ7ಇ 30 ನಾಟ್, ಸಾವಿರ ಮೀಟರಿಗೆ 65 ಸೆಕೆಂಡು. ಲೆಕ್ಕದ ಹೊತ್ತಿಗೆ ಸರಿಯಾಗಿ ಕಬ್ಬಿಣಕ್ಕೆ ಬಡಿದ ಸದ್ದು ಬಂದು ಸ್ಫೋಟ ಬರದಿದ್ದರೆ ಸಿಡಿಗುಂಡಿಯ ದೋಷ. ಆ ಹೊತ್ತಿಗಿಂತ ತುಂಬಾ ಮೊದಲೇ ಸ್ಫೋಟವಾದರೆ ದಾರಿಯಲ್ಲೇ ಸಿಡಿದದ್ದು. ಹೊತ್ತು ಮೀರಿ ಕಾಲು ಪಾಲು ಕಳೆದರೂ ಏನೂ ಕೇಳದಿದ್ದರೆ ಪಕ್ಕದಲ್ಲೋ ಕೆಳಗೋ ಹಾದುಹೋಗಿದೆ.

ಅಳಿಯನ ಆ ಮೊದಲ ನಾಲ್ಕನ್ನು ಸೇವ್ ಮಾಡಿದ ಆಟದಿಂದ ಮತ್ತೆ ಬಿಟ್ಟು ಕ್ಯಾಮೆರಾದಲ್ಲಿ ನೋಡಿದೆವು. ನಾಲ್ಕೂ ಹಡಗಿನ ಹಿಂತುದಿಯಿಂದ ಸುಮಾರು ಕಾಲು ಹಡಗಿನಷ್ಟು ಹಿಂದೆ ಹೋದವು. ಯಾವುದೂ ಬಡಿದೇ ಇರಲಿಲ್ಲ. ಕೆಟ್ಟ ಟಾರ್ಪಿಡೊ ಎಂಬ ಮಾತು ಅಲ್ಲಿಗೆ ಮುಗಿಯಿತು, ಆ ಹೊತ್ತಿಗೆ.

ಸರಿ ಇರುವುದನ್ನು ಹಾಕಿ ನೋಡುವುದು

ವರ್ಕ್‌ಶಾಪಿನಲ್ಲಿ ಒಂದು ಭಾಗದ ಮೇಲೆ ಅನುಮಾನ ಬಂದರೆ, ಸರಿ ಇದೆಯೆಂದು ಗೊತ್ತಿರುವ ಇನ್ನೊಂದನ್ನು ಅದರ ಜಾಗಕ್ಕೆ ಹಾಕಿ ನೋಡುತ್ತೇವೆ. ಆಟದಲ್ಲೂ ಅದಕ್ಕೆ ಅನುಕೂಲವಿದೆ. ಕೈಲೆಕ್ಕದ ಗುರಿಯನ್ನು ಆಫ್ ಮಾಡಿದರೆ ವೇಗ, ದೂರ, ಕೋನ ಎಲ್ಲವನ್ನೂ ಆಟವೇ ಟಿಡಿಸಿಗೆ ತುಂಬುತ್ತದೆ. ಟಿಡಿಸಿ ಎಂದರೆ ಟಾರ್ಪಿಡೊ ಎಷ್ಟು ತಿರುಗಿ ಹೋಗಬೇಕೆಂದು ಲೆಕ್ಕ ಹಾಕುವ ಯಂತ್ರ. ತರಬೇತಿಯ ಮಿಷನ್ನಿನಲ್ಲಿ ಹೀಗೆ ಒಂದು ಬಿಟ್ಟು ನೋಡಿ. ತಗಲಿತೆಂದರೆ ದೋಷ ನೀವು ಕೊಟ್ಟ ಅಂಕಿಗಳಲ್ಲಿದೆ. ಆಟದ ಲೆಕ್ಕದಲ್ಲೂ ಬಡಿದು ಸಿಡಿಯದಿದ್ದರೆ ದೋಷ ಸಿಡಿಗುಂಡಿಯಲ್ಲೋ ಆಳದಲ್ಲೋ ಬಡಿಯುವ ಕೋನದಲ್ಲೋ ಇದೆ. ಐದು ನಿಮಿಷದ ಈ ಒಂದು ಪರೀಕ್ಷೆ ಅರ್ಧ ಹಾದಿಯನ್ನು ಕಳೆಯುತ್ತದೆ.

ಅಳಿಯನಿಗೆ ಇದು ಮೋಸ ಅನ್ನಿಸಿತು. "ಇದು ಆಟ ಆಡೂದಲ್ಲಪಾ, ಮೀಟರ್ ಹಚ್ಚಿ ನೋಡೂದು" ಅಂದೆ. ಒಪ್ಪಿದ. ಆಟದ ಲೆಕ್ಕದಲ್ಲಿ ಬಿಟ್ಟದ್ದು ಹಡಗಿನ ನಟ್ಟನಡುವೆ ಹೋಗಿ ತಗಲಿತು.

ಹಿಂದೆ ಹೋದರೆ: ವೇಗದ ಮೇಲೆ ಅನುಮಾನ

ಟಾರ್ಪಿಡೊ ಹಡಗಿನ ಹಿಂದೆ ಹಾದರೆ ಹಡಗು ನಾವು ಎಣಿಸಿದ್ದಕ್ಕಿಂತ ಜೋರಾಗಿ ಹೋಗುತ್ತಿದೆ, ಇಲ್ಲವೇ ಟಾರ್ಪಿಡೊ ಎಣಿಸಿದ್ದಕ್ಕಿಂತ ನಿಧಾನವಾಗಿದೆ. ಮುಂದೆ ಹಾದರೆ ಉಲ್ಟಾ. ಹಡಗಿನವರು ಟಾರ್ಪಿಡೊದ ಗುಳ್ಳೆಯ ಗೆರೆ ಕಂಡು ವೇಗ ತಗ್ಗಿಸಿದಾಗಲೂ ಮುಂದೆ ಹೋಗುತ್ತದೆ. ಹಬೆಯ ಜಿ7ಎ ಹಗಲಿನಲ್ಲಿ ಆ ಗೆರೆ ಬಿಡುತ್ತದೆ, ಬ್ಯಾಟರಿಯದು ಬಿಡುವುದಿಲ್ಲ.

ವೇಗದ ತಪ್ಪು ಎಷ್ಟು ದುಬಾರಿಯೆಂದು ಒಮ್ಮೆ ಲೆಕ್ಕ ಮಾಡಿ. 30 ನಾಟ್ ಟಾರ್ಪಿಡೊ ಸಾವಿರ ಮೀಟರ್ ಹೋಗಲು 65 ಸೆಕೆಂಡು. ಅಷ್ಟರಲ್ಲಿ ಹಡಗಿನ ವೇಗದಲ್ಲಿ ಒಂದು ನಾಟ್ ತಪ್ಪಿದ್ದರೆ 33 ಮೀಟರ್ ಆಚೀಚೆಯಾಗುತ್ತದೆ. 135 ಮೀಟರ್ ಉದ್ದದ ಹಡಗಿನ ನಡುವಿಗೆ ಗುರಿಯಿಟ್ಟರೆ ಎರಡೂ ಕಡೆ 67 ಮೀಟರ್ ಉಳಿಕೆ ಇದೆ, ಎರಡು ನಾಟ್ ತಪ್ಪನ್ನೂ ಅದು ನುಂಗುತ್ತದೆ. ಮೂರು ಸಾವಿರ ಮೀಟರಿನಿಂದ ಬಿಟ್ಟರೆ ಅದೇ ಒಂದು ನಾಟ್ 100 ಮೀಟರ್ ಆಗುತ್ತದೆ, ಹಡಗೇ ತಪ್ಪಿಹೋಗುತ್ತದೆ. ದೂರದಿಂದ ಬಿಡುವವರ ಟಾರ್ಪಿಡೊ ತಪ್ಪುವುದಕ್ಕೆ ಬೇರೆ ಯಾವ ಗುಟ್ಟೂ ಇಲ್ಲ. ಹತ್ತಿರ ಹೋಗಿ. ನನ್ನ ಮಟ್ಟಿಗೆ 600ರಿಂದ 1000 ಮೀಟರ್ ಒಳ್ಳೆಯ ಅಂತರ. ಅದಕ್ಕಿಂತ ತೀರಾ ಒಳಗೆ ಹೋದರೆ ಇನ್ನೊಂದು ತೊಡಕು: ಸಿಡಿಗುಂಡಿ ಎಚ್ಚರಾಗಲು ಟಾರ್ಪಿಡೊ ಸ್ವಲ್ಪ ದೂರ ಓಡಬೇಕು. ಜರ್ಮನ್ ಟಾರ್ಪಿಡೊಗೆ 300 ಮೀಟರಿಗಿಂತ, ಅಮೆರಿಕದ ಮಾರ್ಕ್ 14ಕ್ಕೆ 400 ಮೀಟರಿಗಿಂತ ಹತ್ತಿರದಲ್ಲಿ ಬಿಡಬಾರದು.

ವೇಗ ಅಳೆಯಲು ಅಳಿಯ ಬಳಸಿದ್ದು ಪೆರಿಸ್ಕೋಪಿನ ನಿಂತ ಗೆರೆ. ಹಡಗಿನ ಮೂತಿ ಗೆರೆಯನ್ನು ಮುಟ್ಟಿದಾಗ ಗಡಿಯಾರ ಒತ್ತುವುದು, ಬಾಲ ದಾಟಿದಾಗ ನಿಲ್ಲಿಸುವುದು. ಹಡಗಿನ ಉದ್ದವನ್ನು ಸೆಕೆಂಡಿನಿಂದ ಭಾಗಿಸಿ 1.94ರಿಂದ ಗುಣಿಸಿದರೆ ನಾಟ್ ಬರುತ್ತದೆ. ಇದರಲ್ಲಿ ದೂರವೂ ಬೇಡ, ಕೋನವೂ ಬೇಡ, ಅದಕ್ಕೇ ಎಲ್ಲರಿಗೂ ಇಷ್ಟ. ಅವನಿಗೆ 135 ಮೀಟರಿನ ಹಡಗು 37 ಸೆಕೆಂಡು ತೆಗೆದುಕೊಂಡಿತ್ತು, ಅಂದರೆ 7 ನಾಟ್. ಗುಣಾಕಾರ ಭಾಗಾಕಾರ ಎರಡೂ ಸರಿ. ಆದರೂ ಹಡಗು ನಿಜಕ್ಕೂ ಹೋಗುತ್ತಿದ್ದುದು 10 ನಾಟ್.

ತಪ್ಪು ಎಲ್ಲಿದೆಯೆಂದು ನನಗೂ ತಕ್ಷಣ ಹೊಳೆಯಲಿಲ್ಲ. ಮಳೆಗಾಲ ಮುಗಿದು ಝುವಾರಿ ನದಿಯಲ್ಲಿ ಅದಿರಿನ ಬಾರ್ಜುಗಳು ಓಡಾಡತೊಡಗಿದ್ದವು. ಭಾನುವಾರ ಇಬ್ಬರೂ ಕೊರ್ತಾಲಿಮ್ ಕಡೆ ದಡಕ್ಕೆ ಹೋಗಿ, ಒಂದು ದೀಪದ ಕಂಬವನ್ನು ಗೆರೆ ಮಾಡಿಕೊಂಡು ನಿಂತೆವು. ಅಲ್ಲಿದ್ದ ಬಾರ್ಜಿನ ಕೆಲಸಗಾರನನ್ನು ಕೇಳಿದರೆ ಉದ್ದ 70 ಮೀಟರ್ ಅಂದ. ತುಂಬಿದ ಬಾರ್ಜು ಕಂಬದ ಹಿಂದೆ ದಾಟಲು 17 ಸೆಕೆಂಡು ಹಿಡಿಯಿತು. 8 ನಾಟ್. ಇನ್ನೊಂದು ಬಾರ್ಜು ಬಂದಾಗ ಅಳಿಯನಿಗೆ ಅದರ ದಿಕ್ಕಿನಲ್ಲೇ ದಡದ ಮೇಲೆ ನಡೆಯುತ್ತಾ, ಮೂಗಿನ ನೇರಕ್ಕೆ ಅಡ್ಡಲಾಗಿ ನೋಡುತ್ತಾ ಎಣಿಸು ಅಂದೆ. 22 ಸೆಕೆಂಡಿನ ಮೇಲೆ ಹೋಯಿತು. ಅಲ್ಲೇ ನಿಂತು ನಕ್ಕುಬಿಟ್ಟ.

"ನಾನೂ ಅದರ ಜೋಡಿ ಹೊಂಟಿದ್ದೆ ಮಾಮಾ. ಆಟದಾಗೂ ನಮ್ಮ ಬೋಟ್ 3 ನಾಟ್‌ನಾಗ ಹೊಂಟಿತ್ತು, ಅದರ ಮಗ್ಗಲಕ್ಕ."

ದೋಷ ಇದ್ದದ್ದೇ ಅಲ್ಲಿ. ನಮ್ಮ ಬೋಟು ಹಡಗಿನ ದಿಕ್ಕಿನಲ್ಲೇ 3 ನಾಟ್ ಹೋಗುತ್ತಿದ್ದಾಗ ಪೆರಿಸ್ಕೋಪಿನ ಗೆರೆಯೂ ಹಡಗಿನ ಜೊತೆಗೆ ಜರುಗುತ್ತದೆ. 10 ನಾಟ್ 7 ಆಗಿ ಕಾಣುತ್ತದೆ. ಸಾವಿರ ಮೀಟರಿನಲ್ಲಿ 3 ನಾಟ್ ತಪ್ಪೆಂದರೆ 100 ಮೀಟರ್. ಹಡಗಿನ ನಡುವಿನಿಂದ ಬಾಲಕ್ಕೆ 67 ಕಳೆದರೆ ಉಳಿದದ್ದು 33. ಕ್ಯಾಮೆರಾದಲ್ಲಿ ಕಂಡ "ಕಾಲು ಹಡಗಿನಷ್ಟು ಹಿಂದೆ" ಅದೇ. ಲಕ್ಷಣ ಮತ್ತು ಕಾರಣ ಹೀಗೆ ಅಂಕಿಯಲ್ಲಿ ಕೂಡಿದಾಗ ಮಾತ್ರ ನಾನು ದೋಷ ಸಿಕ್ಕಿತೆಂದು ಒಪ್ಪುತ್ತೇನೆ.

ಪರಿಹಾರ ಎರಡು. ವೇಗ ಅಳೆಯುವಾಗ ಬೋಟನ್ನು ನಿಲ್ಲಿಸಿ, ಅಥವಾ ಬೋಟಿನ ಮೂತಿಯನ್ನೇ ಹಡಗಿನ ಕಡೆ ತಿರುಗಿಸಿ ಪೆರಿಸ್ಕೋಪ್ ನೇರ ಮುಂದಕ್ಕಿಟ್ಟು ಅಳೆಯಿರಿ. ನೇರ ಮುಂದಕ್ಕೆ ಹೋಗುತ್ತಿದ್ದರೆ ಗೆರೆ ಆಚೀಚೆ ಜರುಗುವುದಿಲ್ಲ. ಇನ್ನೂ ಖಚಿತ ಬೇಕಾದರೆ ನಕ್ಷೆಯಲ್ಲಿ ಹಡಗಿನ ಜಾಗವನ್ನು ಗುರುತು ಮಾಡಿ 3 ನಿಮಿಷ 15 ಸೆಕೆಂಡು ಬಿಟ್ಟು ಮತ್ತೆ ಗುರುತು ಮಾಡಿ. ಅಷ್ಟರಲ್ಲಿ ಹಡಗು ಎಷ್ಟು ನೂರು ಮೀಟರ್ ಸರಿದಿದೆಯೋ ಅಷ್ಟೇ ನಾಟ್. 1000 ಮೀಟರ್ ಸರಿದರೆ 10 ನಾಟ್. ಗಜದಲ್ಲಿ ಅಳೆಯುವ ಅಮೆರಿಕದ ಬೋಟಿನಲ್ಲಿ 3 ನಿಮಿಷ ಸಾಕು. ಮೀಟರಿಗೆ 3 ನಿಮಿಷ ಹಿಡಿದರೂ ತಪ್ಪು, ಗಜಕ್ಕೆ 3 ನಿಮಿಷ 15 ಸೆಕೆಂಡು ಹಿಡಿದರೂ ತಪ್ಪು. ಅಳತೆಯ ಘಟಕವನ್ನು ಸೆಟ್ಟಿಂಗಿನಲ್ಲಿ ಒಮ್ಮೆ ನೋಡಿಯೇ ಹೊರಡಬೇಕು.

ಕೊರ್ತಾಲಿಮ್‌ನಿಂದ ವಾಪಸ್ ಬರುವಾಗ ಅವನಿಗೆ ಮುರ್ಮಗೋವಾ ಬಂದರಿನ ಸಂಗತಿ ಹೇಳಿದೆ. 1943ರಲ್ಲಿ ಗೋವಾ ಪೋರ್ಚುಗೀಸರದು, ಯುದ್ಧದಲ್ಲಿ ಯಾರ ಪಕ್ಷವೂ ಅಲ್ಲ. ಬಂದರಿನಲ್ಲಿ ಜರ್ಮನಿಯ ಎರೆನ್‌ಫೆಲ್ಸ್ ಎಂಬ ಸರಕು ಹಡಗು ನಿಂತಿತ್ತು. ಅದರಲ್ಲಿ ಅಡಗಿಸಿಟ್ಟ ರೇಡಿಯೊದಿಂದ ಹಿಂದೂ ಮಹಾಸಾಗರದ ಯು-ಬೋಟುಗಳಿಗೆ, ಅಂದರೆ ಜರ್ಮನ್ ಸಬ್‌ಮರೀನುಗಳಿಗೆ, ಸುದ್ದಿ ಹೋಗುತ್ತಿದೆಯೆಂದು ಬ್ರಿಟಿಷರು ನಂಬಿದರು. ಮಾರ್ಚ್ 9ರ ರಾತ್ರಿ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಸ್ವಯಂಸೇವಕ ದಳದ ನಡುವಯಸ್ಸಿನವರು ಬಾರ್ಜಿನಲ್ಲಿ ಬಂದು ಅದರ ಮೇಲೆ ದಾಳಿ ಮಾಡಿದರು, ಹಡಗು ಅಲ್ಲೇ ಮುಳುಗಿತು. ಯಾವ ಹಡಗು ಯಾವಾಗ ಹೊರಟಿತು, ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ: ಈ ಮೂರು ಮಾತಿಗಾಗಿ ಅಷ್ಟು ದೂರದಿಂದ ಜನ ಬಂದರು. ಟಿಡಿಸಿಯ ಡಯಲು ಕೇಳುವುದೂ ಹೆಚ್ಚುಕಡಿಮೆ ಅದನ್ನೇ.

ಕೋನ ಮತ್ತು ದೂರ

ಎಒಬಿ ಎಂದರೆ ಆ ಹಡಗಿನ ಮೇಲೆ ನಿಂತವನಿಗೆ ನಾವು ಅದರ ಮೂತಿಯಿಂದ ಎಷ್ಟು ಡಿಗ್ರಿ ಪಕ್ಕಕ್ಕೆ ಇದ್ದೇವೆಂಬುದು. ಹೊಸಬರು ಇದನ್ನು ಕಣ್ಣಂದಾಜಿನಲ್ಲಿ ಹಾಕುತ್ತಾರೆ. ಹಡಗು ಪೂರ್ತಿ ಅಡ್ಡಲಾಗಿ, 90 ಡಿಗ್ರಿಯಲ್ಲಿ ಕಾಣುವಾಗ 10 ಡಿಗ್ರಿ ತಪ್ಪಿದರೂ ಲೆಕ್ಕ ನೂರಕ್ಕೆ ಎರಡರಷ್ಟೂ ಬದಲಾಗದು. 30 ಡಿಗ್ರಿಯಲ್ಲಿ ಓರೆಯಾಗಿ ಬರುತ್ತಿರುವಾಗ ಅದನ್ನೇ 40 ಅಂದುಕೊಂಡರೆ ನೂರಕ್ಕೆ ಸುಮಾರು 29ರಷ್ಟು ತಪ್ಪುತ್ತದೆ. ಅಡ್ಡಲಾಗುವವರೆಗೆ ಕಾಯುವ ತಾಳ್ಮೆ ಇದ್ದರೆ ಕೋನದ ರೋಗ ಅರ್ಧ ತಾನಾಗಿ ಹೋಗುತ್ತದೆ.

ದೂರದ ಬಗ್ಗೆ ಆಟಗಾರರು ಅಗತ್ಯಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಹಡಗಿನ ಕಂಬದ ಎತ್ತರದಿಂದ ದೂರ ತೆಗೆಯುವಾಗ ಹಡಗಿನ ಜಾತಿ ತಪ್ಪಿ ಗುರುತಿಸಿದರೆ ಕಂಬದ ಎತ್ತರ ಎಷ್ಟು ತಪ್ಪಿತೋ ದೂರವೂ ಅದೇ ಪ್ರಮಾಣದಲ್ಲಿ ತಪ್ಪುತ್ತದೆ, ನಿಜ. ಆದರೆ ದೂರ ಬೇಕಾಗುವುದು ಟಾರ್ಪಿಡೊ ಟ್ಯೂಬಿನಿಂದ ಹೊರಬಿದ್ದು ದೊಡ್ಡ ಕೋನದಲ್ಲಿ ತಿರುಗಿ ಹೋಗಬೇಕಾದಾಗ. ಗೈರೊ ಸೊನ್ನೆಯಲ್ಲಿ, ಅಂದರೆ ಬೋಟಿನ ಮೂತಿಯ ನೇರಕ್ಕೇ ಬಿಟ್ಟರೆ ತ್ರಿಕೋನ ದೊಡ್ಡದಾಗಲಿ ಸಣ್ಣದಾಗಲಿ ಅದರ ಆಕಾರ ಒಂದೇ, ದೂರ ಲೆಕ್ಕಕ್ಕೇ ಬರುವುದಿಲ್ಲ. ಹಡಗಿನ ದಾರಿಗೆ ಬೋಟನ್ನು ಲಂಬವಾಗಿ ನಿಲ್ಲಿಸಿ, ಪೆರಿಸ್ಕೋಪನ್ನು ಹಡಗು ಬರುವ ಕಡೆಗೆ ಒಂದಿಷ್ಟು ಡಿಗ್ರಿ ತಿರುಗಿಸಿಟ್ಟು, ಹಡಗಿನ ನಡು ಗೆರೆಗೆ ಬಂದಾಗ ಬಿಡುವುದು. ಅಮೆರಿಕದ ಟ್ಯಾಂಗ್ ಸಬ್‌ಮರೀನಿನ ಕಮಾಂಡರ್ ರಿಚರ್ಡ್ ಓಕೇನ್ ಹೆಸರಿನಲ್ಲಿ ಆಟಗಾರರು ಇದನ್ನು ಓಕೇನ್ ವಿಧಾನ ಎನ್ನುತ್ತಾರೆ. 10 ನಾಟ್ ಹಡಗಿಗೆ 30 ನಾಟ್ ಟಾರ್ಪಿಡೊ ಬಿಡುವುದಾದರೆ ಆ ಡಿಗ್ರಿ 18, 44 ನಾಟ್ ಟಾರ್ಪಿಡೊ ಆದರೆ 13.

ಈ ವಿಧಾನದಲ್ಲಿ ಆಗುವ ಒಂದು ತಪ್ಪು ವಹಿಯಲ್ಲಿ ಮೂರು ಸಲ ಬಂದಿದೆ. ಡಿಗ್ರಿ 13ಕ್ಕೆ ಇಟ್ಟು, ಟ್ಯೂಬಿನಲ್ಲಿ ಬ್ಯಾಟರಿಯ 30 ನಾಟ್ ಟಾರ್ಪಿಡೊ ಇದ್ದರೆ ಸಾವಿರ ಮೀಟರಿನಲ್ಲಿ ಅದು ಗುರಿಯಿಂದ 100 ಮೀಟರಿಗಿಂತ ಹಿಂದೆ ಹೋಗುತ್ತದೆ. ಲಕ್ಷಣ ಮೇಲೆ ಹೇಳಿದ ವೇಗದ ತಪ್ಪಿನದೇ, ಕಾರಣ ಬೇರೆ. ಒಂದೇ ದಾಳಿಯಲ್ಲಿ ಒಂದು ಟ್ಯೂಬಿನದು ತಗಲಿ ಇನ್ನೊಂದರದು ಹಿಂದೆ ಹೋದರೆ ಹಡಗಿನ ವೇಗವನ್ನು ತಿದ್ದಲು ಹೋಗಬೇಡಿ, ಟ್ಯೂಬಿನಲ್ಲಿ ಏನಿದೆ ನೋಡಿ. ನಿಜವಾದ ಜಿ7ಇಗೆ ಇನ್ನೂ ಒಂದು ಕಟ್ಟುಪಾಡಿತ್ತು: ಬಿಡುವ ಮೊದಲು ಬ್ಯಾಟರಿಯನ್ನು ಕಾಯಿಸದಿದ್ದರೆ ವೇಗವೂ ಓಡುವ ದೂರವೂ ಕಡಿಮೆಯಾಗುತ್ತಿತ್ತು. ತಣ್ಣಗಿನ ಬ್ಯಾಟರಿಯ ಗೋಳು ನನ್ನ ಕಸುಬಿನವರಿಗೆ ಹೊಸದಲ್ಲ.

ಟ್ಯೂಬಿನ ಹೊರಬಾಗಿಲನ್ನು ಮೊದಲೇ ತೆರೆದಿಡಿ. ಬಿಡು ಎಂದ ಮೇಲೆ ಬಾಗಿಲು ತೆರೆಯಲು ಐದು ಸೆಕೆಂಡು ಹೋದರೆ 10 ನಾಟ್ ಹಡಗು 26 ಮೀಟರ್ ಮುಂದೆ ಹೋಗಿರುತ್ತದೆ.

ಒಂದು ದೋಷ ಹೋದ ಮೇಲೆ ಇನ್ನೊಂದು

ವೇಗ ಸರಿಯಾದ ದಿನ ಅಳಿಯ ಎರಡು ಟಾರ್ಪಿಡೊ ಬಿಟ್ಟ. ಎರಡೂ ಹೋಗಿ ಬಡಿದವು. ಠಣ್ ಎಂಬ ಸದ್ದು ಇಬ್ಬರಿಗೂ ಕೇಳಿತು. ಸ್ಫೋಟ ಇಲ್ಲ. "ನಾ ಮೊದಲ ಹೇಳಿದ್ದೆ ನೋಡ್ರಿ" ಎಂದು ನನ್ನ ಮುಖ ನೋಡಿದ. ಅವನು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಆದರೆ ಆ ಮೊದಲ ನಾಲ್ಕಕ್ಕೆ ಅದು ಕಾರಣವಾಗಿರಲಿಲ್ಲ. ತಗಲದೇ ಇರುವ ಟಾರ್ಪಿಡೊ ತನ್ನ ಸಿಡಿಗುಂಡಿಯ ದೋಷವನ್ನು ತೋರಿಸುವುದು ಹೇಗೆ?

ಇದನ್ನು ತಿಳಿಯಲು ಅಮೆರಿಕದ ಮಾರ್ಕ್ 14ರ ಕಥೆಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಸೈಲೆಂಟ್ ಹಂಟರ್ 4ರಲ್ಲಿ ಪೆಸಿಫಿಕ್ ಸಾಗರದಲ್ಲಿ ಆಡುವವರ ಕೈಗೆ ಬರುವುದು ಇದೇ ಟಾರ್ಪಿಡೊ. ಯುದ್ಧದ ಶುರುವಿನಿಂದಲೂ ಕಮಾಂಡರುಗಳು ಅದು ಕೆಲಸ ಮಾಡುತ್ತಿಲ್ಲವೆಂದು ದೂರುತ್ತಿದ್ದರು, ಮೇಲಿನವರು ನಿಮ್ಮ ಗುರಿಯೇ ಸರಿ ಇಲ್ಲ ಎನ್ನುತ್ತಿದ್ದರು. 1942ರ ಜೂನ್‌ನಲ್ಲಿ ಅಮೆರಿಕದ ಸಬ್‌ಮರೀನ್ ಪಡೆಯ ಅಧಿಕಾರಿ ಚಾರ್ಲ್ಸ್ ಲಾಕ್‌ವುಡ್ ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿಯ ಬಳಿ ಮೀನಿನ ಬಲೆ ಕಟ್ಟಿಸಿ ಅದಕ್ಕೆ ಟಾರ್ಪಿಡೊ ಬಿಡಿಸಿದರು. ಬಲೆಯಲ್ಲಿ ಬಿದ್ದ ತೂತನ್ನು ಅಳೆದರೆ ಟಾರ್ಪಿಡೊ ಇಟ್ಟ ಆಳಕ್ಕಿಂತ ಸುಮಾರು 11 ಅಡಿ ಕೆಳಗೆ ಓಡುತ್ತಿತ್ತು. ಆಳ ಅಳೆಯುವ ತೂತು ಟಾರ್ಪಿಡೊದ ಸಪೂರವಾಗುವ ಹಿಂಭಾಗದಲ್ಲಿತ್ತು. ಓಡುವಾಗ ಅಲ್ಲಿ ನೀರಿನ ಒತ್ತಡ ಕಡಿಮೆಯಾಗಿ, ಟಾರ್ಪಿಡೊ ತಾನು ಮೇಲಿದ್ದೇನೆಂದು ತಿಳಿದು ಕೆಳಕ್ಕಿಳಿಯುತ್ತಿತ್ತು. ಒಂದು ಬಲೆ, ಒಂದು ಟೇಪು. ಇಂಥ ಪರೀಕ್ಷೆಯೆಂದರೆ ನನಗೆ ಬಲು ಗೌರವ.

ಆಳ ತಿದ್ದಿದರು. ಆಗ ಅಯಸ್ಕಾಂತದ ಸಿಡಿಗುಂಡಿಯ ದೋಷ ಎದ್ದು ಕಂಡಿತು, ಹಡಗು ಮುಟ್ಟುವ ಮೊದಲೇ ಸಿಡಿಯತೊಡಗಿದವು. 1943ರ ಜೂನ್ 24ರಂದು ಅಮೆರಿಕದ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥ ನಿಮಿಟ್ಜ್ ಅದನ್ನು ನಿಷ್ಕ್ರಿಯಗೊಳಿಸಲು ಆದೇಶಿಸಿದರು. ಅದಾದ ಒಂದೇ ತಿಂಗಳಿಗೆ, ಜುಲೈ 24ರಂದು, ಟಿನೋಸಾ ಸಬ್‌ಮರೀನು ಟೋನನ್ ಮಾರು 3 ಎಂಬ ದೊಡ್ಡ ಜಪಾನಿ ಹಡಗಿಗೆ 15 ಟಾರ್ಪಿಡೊ ಬಿಟ್ಟಿತು. ಓರೆಯಾಗಿ ಹೋಗಿ ಬಡಿದ ಎರಡು ಸಿಡಿದು ಹಡಗು ನಿಂತಿತು. ನಿಂತ ಹಡಗಿಗೆ ಲಂಬವಾಗಿ, ಪುಸ್ತಕದಲ್ಲಿ ಬರೆದ ಹಾಗೆ ನೇರ ಬಿಟ್ಟವು ಬಡಿದು ಸುಮ್ಮನಾದವು. ಕಮಾಂಡರ್ ಡ್ಯಾಸ್ಪಿಟ್ ಕೊನೆಯ ಒಂದನ್ನು ಬಿಡದೆ ಪರೀಕ್ಷೆಗೆಂದು ವಾಪಸ್ ತಂದರು. ಹವಾಯಿಯಲ್ಲಿ ಬಂಡೆಗೆ ಟಾರ್ಪಿಡೊ ಬಿಟ್ಟು, ಕ್ರೇನಿನಿಂದ 90 ಅಡಿ ಎತ್ತರದಿಂದ ಕಬ್ಬಿಣದ ತಟ್ಟೆಯ ಮೇಲೆ ಬೀಳಿಸಿ ನೋಡಿದಾಗ ಮೂರನೇ ದೋಷ ಸಿಕ್ಕಿತು: ನೇರ ಬಡಿದರೆ ಹೊಡೆತದ ಜೋರಿಗೆ ಸಿಡಿಗುಂಡಿಯ ಮೊಳೆ ಸಿಕ್ಕಿಬಿದ್ದು ಕ್ಯಾಪಿಗೆ ಸರಿಯಾಗಿ ಹೊಡೆಯುತ್ತಿರಲಿಲ್ಲ. ಮೂರು ದೋಷ ಒಂದರ ಹಿಂದೊಂದು ಅಡಗಿದ್ದವು. ಮೊದಲನೆಯದು ಹೋಗದೆ ಎರಡನೆಯದು ಕಾಣುತ್ತಿರಲಿಲ್ಲ, ಎರಡನೆಯದು ಹೋಗದೆ ಮೂರನೆಯದು.

ಹಾಗಾಗಿ ಬಡಿದೂ ಸಿಡಿಯದಿದ್ದರೆ ಮೊದಲು ನೋಡಬೇಕಾದ್ದು ನೀವು ಯಾರ ಬೋಟಿನಲ್ಲಿದ್ದೀರಿ, ಆಟದ ತಾರೀಖು ಯಾವುದು ಎಂಬುದು. ಆಟ ಇತಿಹಾಸವನ್ನು ಹಿಡಿದು ಹೋಗುವಷ್ಟರ ಮಟ್ಟಿಗೆ, 1943ರ ಸೆಪ್ಟೆಂಬರ್‌ವರೆಗೆ ಮಾರ್ಕ್ 14 ಹಿಡಿದವರು ಓಕೇನ್ ವಿಧಾನದ ಲಂಬ ಹೊಡೆತವನ್ನು ಬಿಟ್ಟು ಓರೆಯಾಗಿ, 45 ಡಿಗ್ರಿಯ ಆಸುಪಾಸಿನಲ್ಲಿ ಬಡಿಯುವಂತೆ ನೋಡಿಕೊಳ್ಳಬೇಕು. ಜರ್ಮನ್ ಡಿಕ್ಕಿ ಸಿಡಿಗುಂಡಿ ಇದಕ್ಕೆ ಪೂರ್ತಿ ಉಲ್ಟಾ: ಓರೆಯಾಗಿ ಬಡಿದರೆ ಅದು ಜಾರಿ ಹೋಗುತ್ತದೆ, ಲಂಬವೇ ಬೇಕು. ಒಂದು ಆಟದಲ್ಲಿ ಕಲಿತ ಮದ್ದನ್ನು ಇನ್ನೊಂದಕ್ಕೆ ಹಾಕಿ ರೋಗ ಹೆಚ್ಚು ಮಾಡಿಕೊಂಡವರನ್ನು ಕಂಡಿದ್ದೇನೆ.

ಅಳಿಯನ ಎರಡು ಟಾರ್ಪಿಡೊ ಬಡಿದ ಕೋನವನ್ನು ನಕ್ಷೆಯ ಮೇಲೆ ಕೋನಮಾಪಕ ಇಟ್ಟು ಅಳೆದೆವು. 25 ಡಿಗ್ರಿ. ಹಡಗಿನ ಮಗ್ಗುಲಿಗೆ ಸವರಿಕೊಂಡು ಹೋದಂತೆ. ಜಾಗ ಬದಲಿಸಿ ಲಂಬಕ್ಕೆ ಹತ್ತಿರ ಬಂದು ಬಿಟ್ಟಾಗ ಮೊದಲನೆಯದು ಸಿಡಿಯಿತು. ಎರಡನೆಯದು ಹಡಗಿನ ಕೆಳಗೆ ಹಾದು ಆಚೆ ಹೋಯಿತು.

ಕೆಳಗೆ ಹೋದರೆ, ಮೊದಲೇ ಸಿಡಿದರೆ

ಇದಕ್ಕೆ ಬಹಳ ಹುಡುಕಬೇಕಾಗಲಿಲ್ಲ. ಆ ಟ್ಯೂಬಿನಲ್ಲಿ ಆಳ 9 ಮೀಟರ್ ಎಂದು ಇತ್ತು, ಸಿಡಿಗುಂಡಿ ಮಾತ್ರ ಡಿಕ್ಕಿಗೆ ಮರಳಿತ್ತು. ಹಿಂದೊಮ್ಮೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದಾಗಿನ ಪಳೆಯುಳಿಕೆ. ನೀರಿನಲ್ಲಿ 8 ಮೀಟರ್ ಆಳಕ್ಕೆ ಇಳಿದಿರುವ ಹಡಗಿನ ಕೆಳಗೆ 9 ಮೀಟರಿನಲ್ಲಿ ಹೋದ ಟಾರ್ಪಿಡೊಗೆ ಡಿಕ್ಕಿ ಹೊಡೆಯಲು ಏನೂ ಸಿಗುವುದಿಲ್ಲ. ಡಿಕ್ಕಿಗೆ 3 ಅಥವಾ 4 ಮೀಟರ್, ಅಯಸ್ಕಾಂತಕ್ಕೆ ಹಡಗಿನ ತಳದಿಂದ ಒಂದು ಮೀಟರ್ ಕೆಳಗೆ: ಈ ಎರಡು ಅಂಕಿಯನ್ನು ಸಿಡಿಗುಂಡಿಯ ಜೊತೆಗೇ ಬದಲಿಸುವುದು ರೂಢಿಯಾಗಬೇಕು, ಪ್ರತಿ ಟ್ಯೂಬಿಗೂ ಬೇರೆ ಬೇರೆಯಾಗಿ ನೋಡಬೇಕು.

ಅಂಕಿ ಸರಿ ಇದ್ದೂ ಕೆಳಗೆ ಹೋಗುತ್ತಿದ್ದರೆ ಮತ್ತೆ ತಾರೀಖು ನೋಡಿ. ಜರ್ಮನರ ಟಾರ್ಪಿಡೊಗಳೂ ಯುದ್ಧದ ಮೊದಲ ವರ್ಷಗಳಲ್ಲಿ ಆಳ ತಪ್ಪುತ್ತಿದ್ದವು. 1940ರ ಏಪ್ರಿಲ್‌ನಲ್ಲಿ ನಾರ್ವೆಯಲ್ಲಿ ಯು-ಬೋಟಿನ ಕಮಾಂಡರ್ ಗುಂಟರ್ ಪ್ರೀನ್, ಲಂಗರು ಹಾಕಿ ನಿಂತ ಹಡಗುಗಳಿಗೆ ಬಿಟ್ಟ ಟಾರ್ಪಿಡೊಗಳೂ ವ್ಯರ್ಥವಾದವು. ನಿಂತ ಹಡಗಿಗೆ ವೇಗದ ತಪ್ಪು ಇರಲಾರದು ಎಂಬುದನ್ನು ಗಮನಿಸಿ. ಒಂದು ಮುಖ್ಯ ಕಾರಣ ತಿಳಿದದ್ದು 1942ರ ಜನವರಿಯಲ್ಲಿ, ಸಮುದ್ರದಲ್ಲಿದ್ದ ಒಂದು ಯು-ಬೋಟು ಟಾರ್ಪಿಡೊ ಬಿಚ್ಚಿ ನೋಡಿದಾಗ. ನೀರಿನೊಳಗೆ ಬಹಳ ಹೊತ್ತು ಇದ್ದರೆ ಬೋಟಿನ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಆ ಗಾಳಿ ಆಳ ನಿಯಂತ್ರಿಸುವ ಪೆಟ್ಟಿಗೆಯೊಳಕ್ಕೆ ಸೋರಿ ಟಾರ್ಪಿಡೊವನ್ನು ಕೆಳಕ್ಕೆ ಓಡಿಸುತ್ತಿತ್ತು. ಕಾರ್ಖಾನೆಯ ಮೇಜಿನ ಮೇಲೆ ಆ ಒತ್ತಡವೇ ಇರಲಿಲ್ಲ, ಅದಕ್ಕೇ ಅಲ್ಲಿ ಎಲ್ಲವೂ ಸರಿಯಾಗಿ ಕಂಡಿತು.

ದಾರಿಯಲ್ಲೇ ಸಿಡಿಯುವುದು ಅಯಸ್ಕಾಂತದ ಸಿಡಿಗುಂಡಿಯ ರೋಗ. ಗಾಳಿ ಜೋರಾಗಿ ಅಲೆ ಎದ್ದಾಗ ಹೆಚ್ಚು. ಹವಾಮಾನದ ವರದಿಯಲ್ಲಿ ಗಾಳಿ ಸೆಕೆಂಡಿಗೆ 10 ಮೀಟರ್ ದಾಟಿದರೆ ನಾವು ಅಯಸ್ಕಾಂತವನ್ನು ಮುಟ್ಟುವುದಿಲ್ಲ, ಡಿಕ್ಕಿಗೆ ಇಟ್ಟು ಆಳವನ್ನು ಒಂದು ಮೀಟರ್ ಹೆಚ್ಚಿಸುತ್ತೇವೆ. ತೀರಾ ಮೇಲೆ ಇಟ್ಟರೆ ಅಲೆಯ ತಗ್ಗಿನಲ್ಲಿ ಟಾರ್ಪಿಡೊ ನೀರಿನಿಂದ ಹೊರಗೆ ನೆಗೆಯುತ್ತದೆ.

ಇಷ್ಟೆಲ್ಲ ಸರಿಪಡಿಸಿದ ಮೇಲೆ, ಕೆಟ್ಟ ಟಾರ್ಪಿಡೊ ಬರುವ ಆಯ್ಕೆಯನ್ನು ಮತ್ತೆ ಆನ್ ಮಾಡಿ ಅವನು ಹೊರಟ. ವಹಿಯಲ್ಲಿ ಈಗ ಆರು ಕಾಲಂ ಇವೆ: ಟ್ಯೂಬು ಮತ್ತು ಅದರಲ್ಲಿರುವ ಟಾರ್ಪಿಡೊ, ಹಡಗಿನ ವೇಗ ಮತ್ತು ಅಳೆದ ಬಗೆ, ಬಡಿಯಬೇಕಾದ ಕೋನ, ಆಳ ಮತ್ತು ಸಿಡಿಗುಂಡಿ, ಬಡಿಯಬೇಕಾದ ಸೆಕೆಂಡು, ಆದದ್ದು. ಮೊನ್ನೆ ರಾತ್ರಿ ಮೂರು ಬಿಟ್ಟದ್ದರಲ್ಲಿ ಎರಡು ಸಿಡಿದವು. ಮೂರನೆಯದು 46ನೇ ಸೆಕೆಂಡಿಗೆ ಠಣ್ ಅಂದು ಸುಮ್ಮನಾಯಿತು. ಕೋನ 84, ಆಳ 4, ಡಿಕ್ಕಿ, ಸಮುದ್ರ ಶಾಂತ, ಸೆಕೆಂಡೂ ಲೆಕ್ಕದ್ದೇ. ಅಳಿಯ ಎಲ್ಲಾ ಕಾಲಂ ಮೇಲೆ ಒಮ್ಮೆ ಬೆರಳಾಡಿಸಿ, ಕೊನೆಯದರಲ್ಲಿ "ಟಾರ್ಪಿಡೊ ಕೆಟ್ಟದ್ದು" ಎಂದು ಬರೆದ.

"ಈಗ ಬರಿಬೌದಲ್ರಿ ಮಾಮಾ?"

"ಈಗ ಬರಿ."